ಮೂಳೆ ಹೇಳುವುದು, ಹೇಳದಿರುವುದು

ಪೊಲೀಸ್ ಠಾಣೆಯಿಂದ ಮೂಳೆಗಳ ಜೊತೆ ಬರುವ ಪತ್ರಕ್ಕೆ ಒಂದು ಸಿದ್ಧ ಧಾಟಿ ಇದೆ. ಇವು ಮನುಷ್ಯನ ಮೂಳೆಗಳೇ? ಒಬ್ಬರವೋ, ಹೆಚ್ಚು ಜನರವೋ? ಗಂಡೋ, ಹೆಣ್ಣೋ? ವಯಸ್ಸೆಷ್ಟು? ಎತ್ತರವೆಷ್ಟು? ಸತ್ತು ಎಷ್ಟು ಕಾಲವಾಗಿರಬಹುದು? ಸಾವಿಗೆ ಕಾರಣವೇನು? ಕೊನೆಗೆ ‘ಆದಷ್ಟು ಬೇಗ ಅಭಿಪ್ರಾಯ ನೀಡಲು ಕೋರಿದೆ’ ಎಂಬ ಸಾಲು, ಇನ್‌ಸ್ಪೆಕ್ಟರರ ಸಹಿ, ಠಾಣೆಯ ಮೊಹರು. ನಾನು ಅನಾಟಮಿ ಕಲಿಸಿದ್ದು, ಕೋರ್ಟಿನ ಕಟಕಟೆಯಲ್ಲಿ ನಿಂತು ಸಾಕ್ಷಿ ನುಡಿದದ್ದು, ಸಂಶೋಧನೆಯೆಂದು ಕ್ಯಾಲಿಪರ್ಸ್ ಹಿಡಿದು ಮೂಳೆ ಅಳೆಯುತ್ತ ಕೂತದ್ದು, ಮೂರೂ ಈ ಏಳು ಪ್ರಶ್ನೆಗಳ ಸುತ್ತಲೇ ನಡೆದವು. ಏಳಕ್ಕೂ ಉತ್ತರ ಕೊಟ್ಟವರು ಜಾಣರೆಂದು ಮೊದಮೊದಲು ನಂಬಿದ್ದೆ. ಎಷ್ಟಕ್ಕೆ ಉತ್ತರ ಕೊಡಬಾರದು ಎಂದು ತಿಳಿಯುವುದೇ ಈ ವೃತ್ತಿಯ ಅರ್ಧ ವಿದ್ಯೆ ಎಂದು ಗೊತ್ತಾಗಲು ತಲೆ ನರೆಯಬೇಕಾಯಿತು.

ನಾವು ಎಂ.ಬಿ.ಬಿ.ಎಸ್. ಸೇರಿದ ಕಾಲಕ್ಕೆ ಮೊದಲ ಹಂತ ಒಂದೂವರೆ ವರ್ಷದ್ದು. ಅದರ ದೊಡ್ಡ ಪಾಲು ಡಿಸೆಕ್ಷನ್ ಹಾಲ್‌ನಲ್ಲೇ ಕಳೆಯುತ್ತಿತ್ತು. ಟೇಬಲ್ಲಿಗೆ ಒಂದು ಶವ, ಎರಡೂ ಬದಿಗೆ ವಿದ್ಯಾರ್ಥಿಗಳು, ಕಾಲಬದಿಯಲ್ಲಿ ಜಿಡ್ಡು ಮೆತ್ತಿದ ಕನ್ನಿಂಗ್‌ಹ್ಯಾಮ್ ಮ್ಯಾನ್ಯುಯಲ್. ಫಾರ್ಮಾಲಿನ್‌ಗೆ ಕಣ್ಣು ಉರಿದು ನೀರು ಸುರಿದರೆ ಯಾರೂ ಕೇಳುತ್ತಿರಲಿಲ್ಲ. ಅದೇ ಫಾರ್ಮಾಲ್ಡಿಹೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದ್ದು 2004ರಲ್ಲಿ. ಮೂಳೆಗಳ ಸೆಟ್ಟನ್ನು ಸೀನಿಯರ್‌ಗಳಿಂದ ಕೊಂಡು, ಓದಿ ಮುಗಿಸಿ ಜೂನಿಯರ್‌ಗಳಿಗೆ ಮಾರುವುದು ಹಾಸ್ಟೆಲಿನ ವಾಡಿಕೆ. ಹಾಸಿಗೆಯ ಕೆಳಗಿನ ಟ್ರಂಕಿನಲ್ಲಿ ಸೀರೆ ಒಂದು ಕಡೆ, ತಲೆಬುರುಡೆ ಒಂದು ಕಡೆ. ಅವು ಹೆಚ್ಚಾಗಿ ಕೋಲ್ಕತ್ತದ ಕಡೆಯಿಂದ ಬರುತ್ತಿದ್ದವು. ಜಗತ್ತಿನ ಎಷ್ಟೋ ವೈದ್ಯಕೀಯ ಕಾಲೇಜುಗಳಿಗೂ ಅಸ್ಥಿಪಂಜರ ಹೋಗುತ್ತಿದ್ದದ್ದು ಅಲ್ಲಿಂದಲೇ. 1985ರಲ್ಲಿ ಭಾರತ ಸರ್ಕಾರ ಆ ರಫ್ತನ್ನು ನಿಷೇಧಿಸಿತು. ಆ ಮೂಳೆಗಳು ಯಾರವು ಎಂದು ನಾವು ಕೇಳಲಿಲ್ಲ, ಕಲಿಸಿದವರೂ ಹೇಳಲಿಲ್ಲ.

ಟೇಬಲ್ ಮೇಲಿದ್ದವರಾದರೂ ಯಾರು? ರೈಲು ನಿಲ್ದಾಣದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಸತ್ತು, ಕೇಳಿಕೊಂಡು ಯಾರೂ ಬಾರದವರು. ವಾರಸುದಾರರಿಲ್ಲದ ಶವಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಕೊಡಲು ದಾರಿ ಮಾಡಿದ ನಮ್ಮ ರಾಜ್ಯದ ಅನಾಟಮಿ ಕಾಯ್ದೆ 1957ರದು. ನಮ್ಮ ತಲೆಮಾರಿನ ಡಾಕ್ಟರುಗಳೆಲ್ಲ ನರ, ನಾಳ, ಸ್ನಾಯು ಕಲಿತದ್ದು ಹೀಗೆ ಒಪ್ಪಿಗೆ ಕೇಳಿಸಿಕೊಳ್ಳದ ಬಡವರ ಮೈಯಲ್ಲಿ. ಅಂಗೈ ದಡ್ಡುಗಟ್ಟಿದ್ದರೆ ಕೂಲಿಯವನು, ಬೆನ್ನುಮೂಳೆಗಳು ಒತ್ತಿ ಚಪ್ಪಟೆಯಾಗಿದ್ದರೆ ಹೊರೆ ಹೊತ್ತವನು ಎಂದು ನಮ್ಮ ಗುರುಗಳೊಬ್ಬರು ಊಹಿಸಿ ಹೇಳುವರು. ಪಠ್ಯದಲ್ಲಿ ಇಲ್ಲದ ಆ ಪಾಠ ನನ್ನನ್ನು ಈ ವಿಷಯದ ಕಡೆ ಎಳೆಯಿತು. ಮನೆಯಲ್ಲಿ ಮಾತ್ರ ಬೇಸರ. ಹೆಣ್ಣುಮಗಳು ಡಾಕ್ಟರಾದರೆ ಹೆರಿಗೆ ಮಾಡಿಸಬೇಕು, ಹೆಣ ಕೊಯ್ಯುವುದೇನು ಎಂದು ಅಜ್ಜಿ ಮದುವೆಮನೆಯಲ್ಲೂ ಗೊಣಗುತ್ತಿದ್ದರು.

ವಿಭಾಗದ ಶವಗಳನ್ನು ಕೆಡದಂತೆ ಕಾಯುತ್ತಿದ್ದವರು ಒಬ್ಬ ಹಿರಿಯ ಅಟೆಂಡರ್. ತೊಡೆಯ ಸಂದಿನ ರಕ್ತನಾಳ ಬಿಡಿಸಿ, ಕ್ಯಾನ್ಯುಲಾ ಕಟ್ಟಿ, ಎತ್ತರಕ್ಕೆ ನೇತುಹಾಕಿದ ಡಬ್ಬಿಯಿಂದ ಫಾರ್ಮಾಲಿನ್, ಗ್ಲಿಸರಿನ್ ಬೆರೆಸಿದ ದ್ರಾವಣ ನಿಧಾನಕ್ಕೆ ಇಳಿಬಿಡುವುದರಲ್ಲಿ ಅವರ ಕೈ ಪಳಗಿತ್ತು. ಆಯುಧಪೂಜೆಯ ದಿನ ಗರಗಸ, ಉಳಿ, ಸುತ್ತಿಗೆಗಳನ್ನೆಲ್ಲ ತೊಳೆದು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಹಾಲ್‌ನ ಬಾಗಿಲಿಗೆ ಬೂದುಗುಂಬಳ ಒಡೆಯುತ್ತಿದ್ದರು. ಆಮೇಲೆ ಟೇಬಲ್‌ಗಳ ಬಳಿ ಹೋಗಿ ಒಂದೊಂದಕ್ಕೂ ಊದುಬತ್ತಿ ತೋರಿಸುವರು. ‘ಇವ್ರಿಗೂ ಒಂದ್ ಹಬ್ಬ ಆಗ್ಲಿ ಬಿಡ್ರಿ ಮೇಡಂ’ ಎಂಬುದು ಅವರ ಸಮಜಾಯಿಷಿ. 2019ರಲ್ಲಿ ದೇಶದ ವೈದ್ಯಕೀಯ ಪಠ್ಯಕ್ರಮ ಬದಲಾದ ಮೇಲೆ, ಮೊದಲ ವರ್ಷದವರಿಂದ ಶವದ ಮುಂದೆ ಗೌರವದ ಪ್ರತಿಜ್ಞೆ ಮಾಡಿಸುವ ರೂಢಿ ಕಾಲೇಜುಗಳಲ್ಲಿ ಬೇರೂರಿತು. ನಮ್ಮಲ್ಲಿ ಅದನ್ನು ಊದುಬತ್ತಿಯ ಹೊಗೆಯಲ್ಲಿ ಮೊದಲೇ ಮಾಡಿದವರಿದ್ದರು.

ಎಂ.ಡಿ. ಮುಗಿಸಿ ಪಾಠ ಮಾಡಲು ನಿಂತ ಹೊಸತರಲ್ಲೇ ಗೋಣಿಚೀಲಗಳು ಬರತೊಡಗಿದವು. ಜಿಲ್ಲೆಯ ಠಾಣೆಗಳು ಸಿಕ್ಕ ಮೂಳೆಗಳನ್ನು ಫೊರೆನ್ಸಿಕ್ ಮೆಡಿಸಿನ್ ವಿಭಾಗಕ್ಕೆ ತರುವುದು, ಅಲ್ಲಿನವರು ಒಂದು ಟಿಪ್ಪಣಿ ಸೇರಿಸಿ ಅನಾಟಮಿಗೆ ದಾಟಿಸುವುದು ಎಷ್ಟೋ ಕಾಲೇಜುಗಳಲ್ಲಿ ನಡೆದುಬಂದ ಪದ್ಧತಿ. ವಿಶೇಷ ಪರಿಣತಿಯುಳ್ಳವರ ಅಭಿಪ್ರಾಯವನ್ನು ಕೋರ್ಟು ಕೇಳಬಹುದೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 45ನೇ ಕಲಂ ಹೇಳುತ್ತಿತ್ತು. 2024ರ ಜುಲೈಯಿಂದ ಜಾರಿಯಾದ ಹೊಸ ಕಾನೂನಿನಲ್ಲಿ ಅದು 39ನೇ ಕಲಂ. ಹೀಗೆ ನಾನು ಅರ್ಜಿ ಹಾಕದೆಯೇ ‘ತಜ್ಞ ಸಾಕ್ಷಿ’ ಆದೆ. ಮೊದಲ ಸಲ ಚೀಲ ತಂದ ಹೆಡ್ ಕಾನ್‌ಸ್ಟೇಬಲ್ ನನ್ನನ್ನು ನೋಡಿ, ‘ಸಾಹೇಬ್ರು ಇಲ್ಲೇನ್ರಿ?’ ಎಂದು ಎರಡು ಬಾರಿ ವಿಚಾರಿಸಿ, ಆಮೇಲೆಯೇ ಚೀಲದ ಬಾಯಿ ಬಿಚ್ಚಿದ್ದರು.

ಮೊದಲ ಪ್ರಶ್ನೆ ಮೇಲುನೋಟಕ್ಕೆ ಹಾಸ್ಯಾಸ್ಪದ. ಮನುಷ್ಯನ ಮೂಳೆ ಯಾರಿಗೆ ತಿಳಿಯುವುದಿಲ್ಲ? ತಿಳಿಯುವುದಿಲ್ಲ. ಕರುವಿನ ಪಕ್ಕೆಲುಬು, ಕುರಿಯ ಕಾಲು, ಒಮ್ಮೊಮ್ಮೆ ನಾಯಿಯ ಬೆನ್ನುಮೂಳೆ ಮಹಜರು ಬರೆಸಿಕೊಂಡು, ಅರಗಿನ ಮುದ್ರೆ ಹಾಕಿಸಿಕೊಂಡು ನಮ್ಮ ಮೇಜಿಗೆ ಬಂದಿವೆ. ಎಲ್ಲಕ್ಕಿಂತ ಮೋಸ ಮಾಡುವುದು ಕರಡಿ. ಚರ್ಮ ಸುಲಿದು ಉಗುರು ಉದುರಿದ ಕರಡಿಯ ಪಾದ ಮನುಷ್ಯನ ಕೈಕಾಲುಗಳನ್ನು ಎಷ್ಟು ಹೋಲುತ್ತದೆಂದರೆ, ಫೊರೆನ್ಸಿಕ್ ಪುಸ್ತಕಗಳು ಅದನ್ನು ಹೆಸರಿಟ್ಟೇ ಎಚ್ಚರಿಸುತ್ತವೆ. ಬಳ್ಳಾರಿ ಕಡೆಯ ಗುಡ್ಡಗಳಲ್ಲಿ ಕರಡಿ ಇರುವಾಗ ಈ ಎಚ್ಚರಿಕೆ ನಮಗೆ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಬೆರಳುಗಳ ಕ್ರಮ ನೋಡಿದರೆ ಉತ್ತರ ಸಿಗುತ್ತದೆ: ನಮ್ಮ ಪಾದದಲ್ಲಿ ಹೆಬ್ಬೆರಳೇ ದಪ್ಪ, ಕರಡಿಗೆ ಹೊರಬದಿಯದು. ಒಂದೇ ಸಾಲಿನ ಉತ್ತರ, ಆದರೆ ಅದರಿಂದ ಒಂದು ಕೊಲೆ ಕೇಸು ಹುಟ್ಟುವ ಮೊದಲೇ ಮುಗಿಯುತ್ತದೆ.

ಕಬ್ಬಿನ ಕಟಾವು ಶುರುವಾದರೆ ಮೂಳೆಗಳ ಸುಗ್ಗಿಯೂ ಶುರು. ಆಳೆತ್ತರ ಬೆಳೆದ ಗದ್ದೆಯೊಳಗೆ ತಿಂಗಳುಗಟ್ಟಲೆ ಯಾರೂ ಕಾಲಿಡುವುದಿಲ್ಲ. ಅಂಥದೊಂದು ಗದ್ದೆಯಿಂದ ಬಂದ ಅಸ್ಥಿಪಂಜರ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಸೊಂಟದ ಮೂಳೆಯ ಹಿಂಬದಿಯ ಕಚ್ಚು ಕಿರಿದು, ಮುಂಭಾಗದ ಕಮಾನು ಚೂಪು, ಕಿವಿಯ ಹಿಂದಿನ ಉಬ್ಬು ದೊಡ್ಡದು, ಹುಬ್ಬಿನ ದಿಂಡು ಎದ್ದುಕಂಡಿತ್ತು: ಗಂಡಸು. ಕೊರಳಪಟ್ಟಿಯ ಮೂಳೆಯ ಒಳತುದಿ ಪೂರ್ತಿ ಕೂಡಿತ್ತು. ದೇಹದಲ್ಲಿ ಎಲ್ಲಕ್ಕಿಂತ ತಡವಾಗಿ ಕೂಡುವ ತುದಿಗಳಲ್ಲಿ ಅದೂ ಒಂದು. ಹಾಗಾಗಿ ಇಪ್ಪತ್ತೈದು ದಾಟಿದವನು, ಬಹುಶಃ ಮೂವತ್ತರ ಮೇಲಿನವನು. ಇಷ್ಟು ವಿವರಕ್ಕೆ ಜಿಲ್ಲೆಯಲ್ಲಿ ಕಾಣೆಯಾದ ಅರ್ಧದಷ್ಟು ಗಂಡಸರು ಹೊಂದುತ್ತಾರೆ. ಗುರುತು ಕೊಟ್ಟದ್ದು ಎಡ ಮುಂಗೈ. ಎರಡೂ ಮೂಳೆ ಹಿಂದೆಂದೋ ಮುರಿದು, ಸ್ವಲ್ಪ ಡೊಂಕಾಗಿ ಕೂಡಿದ್ದವು. ಪ್ಲೇಟಿಲ್ಲ, ತಿರುಪಿಲ್ಲ, ಆಸ್ಪತ್ರೆ ಕಂಡ ಕೈಯಲ್ಲ, ನಾಟಿ ವೈದ್ಯರು ಬಿದಿರು ಚಕ್ಕೆ ಇಟ್ಟು ಕಟ್ಟಿದ ಕೈ ಎನಿಸಿತು. ಹಾಗೆಂದು ಬರೆದುಕೊಟ್ಟೆ. ಕಾಣೆಯಾದವರ ಮನೆಮನೆಗೆ ಹೋಗಿ ವಿಚಾರಿಸಿದ ಪೊಲೀಸರಿಗೆ ಒಬ್ಬ ಅಣ್ಣ ಸಿಕ್ಕ. ‘ಸಣ್ಣಾವಿದ್ದಾಗ ಚಕ್ಕಡಿಯಿಂದ ಬಿದ್ದು ಕೈ ಮುರಕೊಂಡಿದ್ದ್ರಿ, ಊರಾಗ ಕಟ್ಟಿಸಿದ್ವಿ’ ಎಂದ. ಬುರುಡೆ ಮತ್ತು ಫೋಟೊ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದವು, ಎರಡೂ ತಾಳೆಯಾದವು. ಎಲ್ಲರಂತಿರುವ ಮೂಳೆಗಿಂತ, ಆ ಒಬ್ಬನದಷ್ಟೇ ಆದ ಡೊಂಕು ಹೆಚ್ಚು ಮಾತಾಡುತ್ತದೆ ಎಂದು ಆ ಕೈ ನನಗೆ ಕಲಿಸಿತು. ತರಗತಿಯಲ್ಲಿ ‘ನಾರ್ಮಲ್’ ಕಲಿಸುವ ನಾನು ಅಂದಿನಿಂದ ಪ್ರತಿ ಟೇಬಲ್ಲಿನಲ್ಲೂ ವಿದ್ಯಾರ್ಥಿಗಳಿಂದ ‘ಈ ದೇಹದಲ್ಲಿ ಪುಸ್ತಕದಂತೆ ಇಲ್ಲದ್ದೇನು?’ ಎಂದು ಬರೆಸತೊಡಗಿದೆ.

ಎತ್ತರದ ಪ್ರಶ್ನೆ ನನ್ನನ್ನು ಸಂಶೋಧನೆಗೆ ಇಳಿಸಿತು. ತೊಡೆಮೂಳೆಯ ಉದ್ದ ತೆಗೆದುಕೊಂಡು ಸೂತ್ರಕ್ಕೆ ಹಾಕಿದರೆ ಎತ್ತರ ಬರುತ್ತದೆ. ಹೆಚ್ಚು ಬಳಕೆಯ ಸೂತ್ರ 1952ರಲ್ಲಿ ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಮತ್ತು ಗೋಲ್ಡೀನ್ ಗ್ಲೆಸರ್ ಕೊಟ್ಟದ್ದು: ಬಿಳಿಯ ಗಂಡಸಾದರೆ ಸೆಂಟಿಮೀಟರ್ ಲೆಕ್ಕದ ಉದ್ದವನ್ನು 2.38ರಿಂದ ಗುಣಿಸಿ 61.41 ಕೂಡಿಸಬೇಕು. ಮೂಳೆ 44 ಸೆಂಟಿಮೀಟರ್ ಇದ್ದರೆ ಎತ್ತರ ಸುಮಾರು 166. ಹೆಚ್ಚುಕಡಿಮೆ 3.27 ಎಂಬ ಬಾಲವೂ ಅದಕ್ಕಿದೆ. ಹತ್ತರಲ್ಲಿ ಏಳು ಜನರಷ್ಟೇ ಆ ಮಿತಿಯೊಳಗೆ ಬರುತ್ತಾರೆ. ಉಳಿದ ಮೂವರನ್ನೂ ಬಿಡಬಾರದೆಂದರೆ ಬಾಲವನ್ನು ಇಮ್ಮಡಿ ಮಾಡಬೇಕು. ಆಗ ಕುಳ್ಳನೂ ಹೊಂದುತ್ತಾನೆ, ಎತ್ತರದವನೂ ಹೊಂದುತ್ತಾನೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಆ ಸೂತ್ರ ಎರಡನೇ ಮಹಾಯುದ್ಧದಲ್ಲಿ ಮಡಿದ ಅಮೆರಿಕನ್ ಸೈನಿಕರ ಮತ್ತು ಅಲ್ಲಿನ ಟೆರ್ರಿ ಸಂಗ್ರಹದ ಮೂಳೆಗಳಿಂದ ಬಂದದ್ದು. ಹಾವೇರಿಯ ಹತ್ತಿ ಹೊಲದ ಕೂಲಿಗೆ ಅದು ಹೇಗೆ ಹೊಂದೀತು? ಪೂರ್ವ ಭಾರತದ ದೇಹಗಳನ್ನು ಅಳೆದು ಪಾನ್ ಎಂಬ ಭಾರತೀಯ ಅಂಗರಚನಾ ತಜ್ಞರು 1924ರಲ್ಲೇ ಪ್ರಕಟಿಸಿದ್ದರು. ಅದೂ ನಮ್ಮ ಕಡೆಯದಲ್ಲ. ಟ್ರಾಟರ್ ಮಾಡಿದ ಕಣಕಾಲಿನ ಮೂಳೆಯ ಅಳತೆಯಲ್ಲಿ ಕೆಳತುದಿಯ ಗೆಣ್ಣು ಬಿಟ್ಟುಹೋಗಿತ್ತೆಂದು 1990ರ ದಶಕದಲ್ಲಿ ಅಮೆರಿಕದವರೇ ಪತ್ತೆ ಮಾಡಿದರು. ನಾಲ್ಕು ದಶಕ ಜಗತ್ತಿನ ಕೋರ್ಟುಗಳು ನಂಬಿದ ಕೋಷ್ಟಕ ಅದು.

ನಮ್ಮವರ ಮೂಳೆಗೆ ನಮ್ಮದೇ ಕುರುಹುಗಳಿವೆ. ಲಾಹೋರಿನಲ್ಲಿ ಅನಾಟಮಿ ಪ್ರಾಧ್ಯಾಪಕರಾಗಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ 1893ರಲ್ಲಿ ಪಂಜಾಬಿಗಳ ಕಾಲಿನ ಬಗ್ಗೆ ಬರೆದ ಪ್ರಬಂಧದಲ್ಲಿ, ಕುಕ್ಕರಗಾಲಲ್ಲಿ ಕೂರುವವರ ಕಣಕಾಲು ಮೂಳೆಯ ಕೆಳಅಂಚಿನಲ್ಲಿ ಮೂಡುವ ನುಣುಪು ಗುರುತನ್ನು ವರ್ಣಿಸಿದರು. 1959ರಲ್ಲಿ ಇಂದರ್‌ಬೀರ್ ಸಿಂಗ್ ಅದನ್ನೇ ಭಾರತೀಯರ ಮೂಳೆಗಳಲ್ಲಿ ವಿಸ್ತಾರವಾಗಿ ನೋಡಿದರು. ಒಲೆಯ ಮುಂದೆ, ಕಳೆ ಕೀಳುವಾಗ, ಪಂಚಾಯ್ತಿ ಕಟ್ಟೆಯ ಬಳಿ ಕುಕ್ಕರಗಾಲಲ್ಲಿ ಕೂತ ಬದುಕು ಕಣಕಾಲಿನ ಮೂಳೆಯ ಮೇಲೆ ಹೀಗೆ ಬರೆದುಕೊಂಡಿರುತ್ತದೆ. ಕುರ್ಚಿ, ಕಮೋಡು ಬಂದ ಮನೆಗಳವರ ಮೂಳೆ ಮುಂದೆ ನಮ್ಮಂಥವರ ಕೈಗೆ ಬಂದಾಗ ಈ ಗುರುತು ಅಪರೂಪವಾಗಿದ್ದರೆ ಆಶ್ಚರ್ಯವಿಲ್ಲ.

ಗಂಡೋ ಹೆಣ್ಣೋ ಎಂಬುದರಲ್ಲೂ ಅಳತೆ ಬಹಳ ಆಟ ಆಡಿಸುತ್ತದೆ. ಗಂಡಸರ ಮೂಳೆ ಸರಾಸರಿಯಲ್ಲಿ ದೊಡ್ಡದು ನಿಜ, ಆದರೆ ನನ್ನ ಮುಂದಿರುವುದು ಸರಾಸರಿಯಲ್ಲ, ಒಂದು ಮೂಳೆ. ಪಂಜಾಬಿನ ಕೊರಳಪಟ್ಟಿ ಮೂಳೆಗಳನ್ನು ಅಳೆದ ಇಂದರ್ ಜಿತ್ ಮತ್ತು ಸಿಂಗ್ 1966ರಲ್ಲಿ ಒಂದು ಪ್ರಾಮಾಣಿಕ ದಾರಿ ತೋರಿಸಿದರು. ಯಾವ ಅಳತೆಯ ಮೇಲೆ ಹೆಣ್ಣಿನ ಮೂಳೆ ಹೋಗುವ ಸಂಭವವೇ ಇಲ್ಲವೋ, ಯಾವುದರ ಕೆಳಗೆ ಗಂಡಿನದು ಇಳಿಯುವುದಿಲ್ಲವೋ ಆ ಎರಡು ಗಡಿಗಳನ್ನು ಲೆಕ್ಕ ಹಾಕಿ ಗುರುತಿಸು. ಗಡಿಯಾಚೆಗೆ ಬಿದ್ದ ಮೂಳೆಯ ಬಗ್ಗೆ ಖಚಿತವಾಗಿ ಹೇಳು. ನಡುವೆ ಬಿದ್ದದ್ದಕ್ಕೆ ಆ ಅಳತೆಯ ಬಲದ ಮೇಲೆ ಮಾತಾಡಬೇಡ. ಇದನ್ನು ಪಾಲಿಸಿದರೆ ಬಹುಪಾಲು ಮೂಳೆಗಳು ನಡುವೆಯೇ ಬೀಳುತ್ತವೆ. ತನಿಖಾಧಿಕಾರಿಗೆ ಇದು ಹಿಡಿಸುವುದಿಲ್ಲ. ‘ಇಷ್ಟು ಓದಿ ಹಿಂಗ್ ಬರದ್ರ ಹೆಂಗ್ರಿ ಮೇಡಂ’ ಎಂದವರಿದ್ದಾರೆ.

ಹೀಗೆ ಬರೆಯುವುದು ಎಷ್ಟು ಕಠಿಣವೆಂದು ನನಗೆ ತಿಳಿದದ್ದು ಒಂದು ಗೋರಿ ಅಗೆದ ಪ್ರಕರಣದಲ್ಲಿ. ಮದುವೆಯಾಗಿ ಎರಡು ವರ್ಷವಾಗಿದ್ದ ಹುಡುಗಿ ಗಂಡನ ಮನೆಯಲ್ಲಿ ಸತ್ತಿದ್ದಳು. ಜ್ವರ ಎಂದು ಹೇಳಿ ಮಣ್ಣು ಮಾಡಿದ್ದರು. ಮೂರು ತಿಂಗಳ ಮೇಲೆ ತವರಿನವರು, ಕುತ್ತಿಗೆ ಹಿಸುಕಿದ್ದಾರೆ ಎಂದು ದೂರು ಕೊಟ್ಟರು. ತಹಶೀಲ್ದಾರರ ಸಮ್ಮುಖದಲ್ಲಿ ಗೋರಿ ತೆರೆಯಲಾಯಿತು. ಲಿಂಗಾಯತರ ಸಂಪ್ರದಾಯದಂತೆ ಕೂರಿಸಿ ಹೂತ ದೇಹ. ಕೂತ ದೇಹ ಕರಗಿದಾಗ ತಲೆ, ಕತ್ತಿನ ಮೂಳೆಗಳು ಮಡಿಲಿಗೆ ಜಾರಿರುತ್ತವೆ. ಮಲಗಿಸಿ ಹೂತ ದೇಹದಲ್ಲಿ ಹುಡುಕುವ ಜಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ. ಮಣ್ಣು ಜರಡಿ ಹಿಡಿದು ನಾಲಿಗೆಯ ಬುಡದ ಹಯಾಯ್ಡ್ ಮೂಳೆ ಹೆಕ್ಕಿದೆವು. ಅದು ಮೂರು ತುಂಡಾಗಿತ್ತು.

ಕುತ್ತಿಗೆ ಹಿಸುಕಿದಾಗ ಹಯಾಯ್ಡ್ ಮುರಿಯುತ್ತದೆ ಎಂಬುದು ಪೊಲೀಸರಿಗೂ ವಕೀಲರಿಗೂ ಬಾಯಿಪಾಠ. ಆದರೆ ಆ ಮೂಳೆಯ ಎರಡು ಕೊಂಬುಗಳು ಎಳೆಯ ವಯಸ್ಸಿನಲ್ಲಿ ನಡುಭಾಗಕ್ಕೆ ಮೃದ್ವಸ್ಥಿಯಿಂದಷ್ಟೇ ಅಂಟಿರುತ್ತವೆ. ಮೂಳೆಯಾಗಿ ಬೆಸೆಯುವುದು ಸಾಮಾನ್ಯವಾಗಿ ನಡುವಯಸ್ಸಿನಲ್ಲಿ, ಕೆಲವರಲ್ಲಿ ಎಂದಿಗೂ ಇಲ್ಲ. ಮೃದ್ವಸ್ಥಿ ಮಣ್ಣಲ್ಲಿ ಕರಗಿದರೆ ಉಳಿಯುವುದು ಮೂರು ತುಂಡೇ. ಲೆನ್ಸಿನಡಿ ನೋಡಿದೆ. ತುದಿಗಳು ನುಣುಪು, ಒಡೆದ ಅಂಚಿಲ್ಲ. ಕಟಕಟೆಯಲ್ಲಿ ಸರ್ಕಾರಿ ವಕೀಲರು ‘ಮೂಳೆ ಮುರಿದಿದೆಯಲ್ಲವೇ?’ ಎಂದರು. ‘ಮುರಿದಿಲ್ಲ, ಇನ್ನೂ ಕೂಡಿರಲಿಲ್ಲ’ ಎಂದೆ. ಎದುರು ವಕೀಲರು ಎದ್ದು, ‘ಹಾಗಾದರೆ ಕುತ್ತಿಗೆ ಹಿಸುಕಿಲ್ಲ ಎಂದಾಯಿತು’ ಎಂದರು. ‘ಹಾಗೂ ಆಗುವುದಿಲ್ಲ. ಈ ವಯಸ್ಸಿನಲ್ಲಿ ಮೂಳೆ ಬಾಗುತ್ತದೆ, ಹಿಸುಕಿದರೂ ಮುರಿಯದೆ ಇರಬಹುದು. ಈ ಮೂಳೆ ಎರಡನ್ನೂ ಹೇಳುತ್ತಿಲ್ಲ’ ಎಂದೆ. ನ್ಯಾಯಾಧೀಶರು ಅದನ್ನು ಹಾಗೆಯೇ ಬರೆಸಿಕೊಂಡರು.

ಹೊರಗೆ ವರಾಂಡದಲ್ಲಿ ಆ ಹುಡುಗಿಯ ತಾಯಿ ನನ್ನ ದಾರಿಗೆ ಅಡ್ಡ ನಿಂತಳು. ‘ಯವ್ವಾ, ನಿನಗ ಹೆಣ್ಮಕ್ಕಳಿಲ್ಲೇನು?’ ಎಂದಳು. ನನಗೆ ಮಗಳಿದ್ದಾಳೆ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತರೆ ಕಾನೂನು ಬೇರೆಯೇ ಕಣ್ಣಿಂದ ನೋಡುತ್ತದೆ, ವರದಕ್ಷಿಣೆ ಸಾವೆಂಬ ಅಪರಾಧವೇ 1986ರಲ್ಲಿ ದಂಡಸಂಹಿತೆಗೆ ಸೇರಿದೆ, ಮೂಳೆ ಮುರಿಯದಿದ್ದರೂ ಕೇಸು ನಿಲ್ಲುತ್ತದೆ ಎಂದೆಲ್ಲ ಅವಳಿಗೆ ಹೇಳಿದೆ. ಅವಳ ಕಿವಿಗೆ ಅದು ಬೀಳಲಿಲ್ಲ, ಬೀಳಬೇಕಾಗಿಯೂ ಇರಲಿಲ್ಲ. ತೀರ್ಪು ಬೇರೆ ಸಾಕ್ಷ್ಯಗಳ ಮೇಲೆ ನಿಂತಿತು. ನಾನು ‘ಮುರಿದಿದೆ’ ಎಂದಿದ್ದರೆ ಆ ದಿನ ಅವಳ ಪರ ನಿಂತಂತಾಗುತ್ತಿತ್ತು. ನಾಳೆ ಅದೇ ನುಣುಪು ತುದಿಯನ್ನು ತೋರಿಸಿ ಇನ್ನೊಬ್ಬ ತಜ್ಞ ಇನ್ನೊಬ್ಬಳ ಮಗನನ್ನು ಜೈಲಿಗೆ ಕಳಿಸುತ್ತಿದ್ದ. ಸಾಕ್ಷಿಗೆ ಕರುಣೆ ಇರಬಾರದೆಂದಲ್ಲ. ಕರುಣೆ ಮೂಳೆಯ ಅಂಚನ್ನು ತಿದ್ದಬಾರದು.

ವಯಸ್ಸಿನ ಪ್ರಮಾಣಪತ್ರದ ವಿಷಯದಲ್ಲಿ ಒತ್ತಡ ಇನ್ನೂ ನೇರ. ಓಡಿಹೋದ ಹುಡುಗಿಯ ತಂದೆಗೆ ಅವಳು ಹದಿನೇಳರವಳಾಗಬೇಕು, ಹುಡುಗನ ಕಡೆಯವರಿಗೆ ಹತ್ತೊಂಬತ್ತರವಳು. ಮೊಣಕೈ, ಮಣಿಕಟ್ಟು, ಸೊಂಟದ ಎಕ್ಸ್‌ರೇಗಳಲ್ಲಿ ಮೂಳೆಯ ತುದಿ ಕೂಡಿದೆಯೋ ಇಲ್ಲವೋ ನೋಡಬಹುದು. ಆದರೆ ಎರಡೂ ಕಡೆ ಎರಡೆರಡು ವರ್ಷ ಹೆಚ್ಚುಕಡಿಮೆ ಆಗಬಹುದೆಂದು ಸುಪ್ರೀಂ ಕೋರ್ಟ್ ಜಯಮಾಲಾ ಪ್ರಕರಣದಲ್ಲಿ 1982ರಲ್ಲೇ ಹೇಳಿದೆ. 2015ರ ಬಾಲನ್ಯಾಯ ಕಾಯ್ದೆಯೂ ಶಾಲೆಯ ದಾಖಲೆ, ಜನನ ಪತ್ರಗಳನ್ನು ಮೊದಲು ನೋಡಿ, ಅವಿಲ್ಲದಿದ್ದರಷ್ಟೇ ಮೂಳೆಯ ಪರೀಕ್ಷೆಗೆ ಹೋಗಿ ಎನ್ನುತ್ತದೆ. ಹದಿನೇಳಕ್ಕೂ ಹತ್ತೊಂಬತ್ತಕ್ಕೂ ನಡುವೆ ಗೆರೆ ಎಳೆಯುವ ಶಕ್ತಿ ಎಕ್ಸ್‌ರೇಗೆ ಇಲ್ಲ. ಶಿಕ್ಷೆಯ ಗೆರೆ ಮಾತ್ರ ಸರಿಯಾಗಿ ಅಲ್ಲೇ ಇದೆ.

ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನಾನು ತಪ್ಪದೆ ಹೇಳುತ್ತಿದ್ದದ್ದು ರಕ್ಸ್‌ಟನ್ ಪ್ರಕರಣ. ಮುಂಬೈಯಲ್ಲಿ ಓದಿ ಇಂಗ್ಲೆಂಡಿನ ಲಂಕಾಸ್ಟರಿನಲ್ಲಿ ವೈದ್ಯನಾಗಿದ್ದ ಪಾರ್ಸಿ ಬಕ್ ರಕ್ಸ್‌ಟನ್ 1935ರಲ್ಲಿ ಹೆಂಡತಿ ಇಸಬೆಲ್ಲಾಳನ್ನೂ ಮನೆಕೆಲಸದ ಮೇರಿ ರೋಜರ್ಸನ್‌ಳನ್ನೂ ಕೊಂದು, ತುಂಡರಿಸಿ, ಸ್ಕಾಟ್‌ಲೆಂಡಿನ ಮಾಫಟ್ ಬಳಿಯ ಕಂದರಕ್ಕೆ ಎಸೆದ. ಡಾಕ್ಟರಾದ್ದರಿಂದ ಯಾವ ಅಂಗ ಗುರುತು ಹೇಳುತ್ತದೆಂದು ಅವನಿಗೆ ಗೊತ್ತಿತ್ತು. ಮೇರಿಗೆ ಮೆಳ್ಳೆಗಣ್ಣು, ಅವಳ ಕಣ್ಣುಗಳನ್ನೇ ತೆಗೆದಿದ್ದ. ತುಂಡುಗಳನ್ನು ಜೋಡಿಸಿ ಎರಡು ದೇಹ ಮಾಡಿದವರು ಎಡಿನ್‌ಬರೋದ ಅನಾಟಮಿ ಪ್ರಾಧ್ಯಾಪಕ ಜೇಮ್ಸ್ ಬ್ರಾಷ್. ಫೊರೆನ್ಸಿಕ್ ಕಡೆಯಿಂದ ಜಾನ್ ಗ್ಲೈಸ್ಟರ್. ಬುರುಡೆಯ ಚಿತ್ರವನ್ನು ಇಸಬೆಲ್ಲಾಳ ಭಾವಚಿತ್ರದ ಮೇಲೆ ಕೂಡಿಸಿದರು, ಪಾದದ ಅಚ್ಚು ತೆಗೆದು ಅವರವರ ಶೂಗಳಿಗೆ ಹಾಕಿ ನೋಡಿದರು. 1936ರ ಮೇ ತಿಂಗಳಲ್ಲಿ ರಕ್ಸ್‌ಟನ್‌ಗೆ ಗಲ್ಲಾಯಿತು. ಹುಡುಗರಿಗೆ ರೋಚಕವಾದದ್ದು ಆ ಫೋಟೊ. ನಾನು ಒತ್ತಿ ಹೇಳುತ್ತಿದ್ದದ್ದು ಬೇರೆ: ಬುರುಡೆ, ಫೋಟೊ ತಾಳೆಯಾಗದಿದ್ದರೆ ‘ಇವರಲ್ಲ’ ಎಂದು ಗಟ್ಟಿಯಾಗಿ ಹೇಳಬಹುದು, ತಾಳೆಯಾದರೆ ‘ಇವರಿರಬಹುದು’ ಎಂದಷ್ಟೇ. ಆ ಕೇಸು ಗೆದ್ದದ್ದು ಒಂದು ಫೋಟೊದಿಂದಲ್ಲ, ಹತ್ತಾರು ಸಣ್ಣ ಸಾಕ್ಷ್ಯಗಳು ಒಂದೇ ಕಡೆ ಕೈ ತೋರಿಸಿದ್ದರಿಂದ.

ಡಿಎನ್‌ಎ ಬಂದ ಮೇಲೆ ಮೂಳೆ ಓದುವ ವಿದ್ಯೆ ಏತಕ್ಕೆ ಎಂದು ಕೇಳುವವರಿದ್ದಾರೆ. ಬ್ರಿಟನ್ನಿನ ಅಲೆಕ್ ಜೆಫ್ರಿಸ್ ಡಿಎನ್‌ಎ ಬೆರಳಚ್ಚನ್ನು ಕಂಡುಕೊಂಡದ್ದು 1984ರಲ್ಲಿ. ಕೆಲವೇ ವರ್ಷಗಳಲ್ಲಿ ಹೈದರಾಬಾದಿನ ಸಿಸಿಎಂಬಿಯಲ್ಲಿ ಲಾಲ್ಜಿ ಸಿಂಗ್ ನಮ್ಮದೇ ವಿಧಾನ ರೂಪಿಸಿದರು. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಬಿದ್ದು 158 ಜನ ಸತ್ತಾಗ, ಸುಟ್ಟು ಕರಕಲಾದವರಲ್ಲಿ ಹಲವರ ಗುರುತಿಗೆ ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆಯೇ ಬೇಕಾಯಿತು. ಆದರೂ ಕೊನೆಗೆ ಗುರುತಾಗದ ಕೆಲವರನ್ನು ಅಲ್ಲೇ ಮಣ್ಣು ಮಾಡಬೇಕಾಯಿತು. ವಿಮಾನಕ್ಕೆ ಪ್ರಯಾಣಿಕರ ಪಟ್ಟಿ ಇತ್ತು. ಕಬ್ಬಿನ ಗದ್ದೆಗೆ ಯಾವ ಪಟ್ಟಿ ಇದೆ? ಹೋಲಿಸಲು ರಕ್ತಸಂಬಂಧಿಯೊಬ್ಬರು ಮುಂದೆ ಬರುವ ತನಕ ಡಿಎನ್‌ಎ ಒಂದು ಬೀಗದಂತೆ. ಯಾರ ಮನೆಯ ಕೀಲಿ ತರಬೇಕೆಂದು ಹೇಳುವುದು ಮೂಳೆಯ ವಯಸ್ಸು, ಎತ್ತರ, ಹಳೆಯ ಮುರಿತ.

ಇನ್ನು ಸಂಶೋಧನೆಯ ಮಾತು. ನಮ್ಮ ಅನಾಟಮಿ ವಿಭಾಗಗಳಿಂದ ಬರುವ ಪ್ರಬಂಧಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣುತ್ತದೆ: ‘ವಯಸ್ಸು, ಲಿಂಗ ತಿಳಿಯದ ಒಣಮೂಳೆಗಳ ಅಧ್ಯಯನ’. ಬಡ್ತಿಗೆ ಪ್ರಬಂಧ ಕಡ್ಡಾಯವಾದ ಮೇಲೆ ಅಂಥವು ಮಳೆಗಾಲದ ಅಣಬೆಗಿಂತ ಹೆಚ್ಚಾದವು. ಯಾರದೆಂದು ತಿಳಿಯದ ಮೂಳೆಯನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೂ ಅದರಿಂದ ಗಂಡು–ಹೆಣ್ಣಿನ ಗಡಿಯಾಗಲಿ ಎತ್ತರದ ಸೂತ್ರವಾಗಲಿ ಹುಟ್ಟುವುದಿಲ್ಲ. ಕೋರ್ಟಿಗೆ ಬೇಕಾದದ್ದು ಅದೇ. ಅಮೆರಿಕದ ಸೇಂಟ್ ಲೂಯಿಯಲ್ಲಿ ರಾಬರ್ಟ್ ಟೆರ್ರಿ ಪ್ರತಿ ದೇಹದ ವಯಸ್ಸು, ಲಿಂಗ, ಸಾವಿನ ಕಾರಣ ಬರೆದಿಟ್ಟು ಕಟ್ಟಿದ ಸಂಗ್ರಹ ಈಗ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ಅಲ್ಲಿದ್ದವರೂ ಬಹುಪಾಲು ಬಡವರೇ, ವಾರಸುದಾರರಿಲ್ಲದವರೇ. ವ್ಯತ್ಯಾಸವೆಂದರೆ ಒಂದು ರಿಜಿಸ್ಟರು. ನಾನು ವಿಭಾಗದ ಹೊಣೆ ಹೊತ್ತಾಗ ಮಾಡಿದ ಮೊದಲ ಕೆಲಸ ಅಂಥದೊಂದು ರಿಜಿಸ್ಟರ್ ತೆರೆದದ್ದು. ಶವ ಬಂದ ದಿನವೇ ಎತ್ತರ ಅಳೆದು, ಗೊತ್ತಿದ್ದಷ್ಟು ವಯಸ್ಸು ಬರೆದು, ಸಂಖ್ಯೆ ಕೊಟ್ಟು, ಡಿಸೆಕ್ಷನ್ ಮುಗಿದ ಮೇಲೆ ಮೂಳೆಗಳಿಗೆ ಅದೇ ಸಂಖ್ಯೆ ಹಾಕುವುದು. ಅಟೆಂಡರು ಇಂಡಿಯನ್ ಇಂಕಿನಲ್ಲಿ ಮುತ್ತಿನಂಥ ಅಂಕಿ ಬರೆಯುತ್ತಿದ್ದರು. ನನ್ನ ಹೆಸರಿನ ಪ್ರಬಂಧಗಳಲ್ಲಿ ಉಳಿಯುವಂಥವು ಇದ್ದರೆ ಆ ಅಂಕಿಗಳಿಂದಾಗಿ.

ಆ ರಿಜಿಸ್ಟರಿನ ಪುಟಗಳು ನಿಧಾನಕ್ಕೆ ಬದಲಾದವು. ಆರಂಭದಲ್ಲಿ ಬರೀ ‘ಅಪರಿಚಿತ ಗಂಡಸು, ಸುಮಾರು 50’. ಬರಬರುತ್ತ ವಯಸ್ಸು, ಊರು, ವೃತ್ತಿ, ಮಕ್ಕಳ ಸಹಿ: ನಿವೃತ್ತ ಮೇಷ್ಟ್ರು, ಅಂಗಡಿಯವರು, ಒಬ್ಬ ಸೂಲಗಿತ್ತಿ. ಡಾ. ರಾಜ್‌ಕುಮಾರ್ ಅವರ ಕಣ್ಣುಗಳನ್ನು 2006ರಲ್ಲಿ ದಾನ ಮಾಡಿದಾಗ ಕನ್ನಡಿಗರಿಗೆ ನೇತ್ರದಾನ ಮನೆಮಾತಾಯಿತು. 2021ರಲ್ಲಿ ಪುನೀತ್ ಅವರದಾದ ಮೇಲೆ ಮತ್ತೊಮ್ಮೆ. ದೇಹದಾನಕ್ಕೆ ಅಷ್ಟು ದೊಡ್ಡ ಅಲೆ ಬರಲಿಲ್ಲ. ಆದರೆ 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನ ಅಂಗರಚನಾ ಶಿಕ್ಷಕ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ಇಚ್ಛೆಯಂತೆ ಆ ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಛೇದಿಸಿದರು. ಅದನ್ನು ಓದಿದ ಎಷ್ಟೋ ಜನ ನಮ್ಮ ವಿಭಾಗದ ಬಾಗಿಲಿಗೆ ಬಂದು ಅರ್ಜಿ ಕೇಳಿದರು. ಹೆಸರುಳ್ಳ ದೇಹ ಟೇಬಲ್ಲಿಗೆ ಬಂದ ಮೇಲೆ ವಿದ್ಯಾರ್ಥಿಗಳ ನಡತೆಯಲ್ಲಾದ ಬದಲಾವಣೆಯನ್ನು ನಾನೇ ಕಂಡಿದ್ದೇನೆ. ಮೊದಲಿನ ತಮಾಷೆಗಳು ತಾವಾಗಿ ನಿಂತವು.

ಎಂ.ಬಿ.ಬಿ.ಎಸ್.ನ ಮೊದಲ ಹಂತದ ಅವಧಿಯನ್ನು 1997ರಲ್ಲಿ ಒಂದು ವರ್ಷಕ್ಕೆ ಇಳಿಸಲಾಯಿತು. ಪರದೆಯ ಮೇಲೆ ದೇಹ ತೋರಿಸುವ ಯಂತ್ರಗಳು ಬಂದಿವೆ, ಅವು ಚೆನ್ನಾಗಿಯೂ ಇವೆ. ಆದರೆ ಪರದೆಯ ದೇಹ ಒಂದೇ, ಎಲ್ಲರಿಗೂ ಅದೇ. ಡೊಂಕು ಮುಂಗೈ, ಕೂಡದ ಹಯಾಯ್ಡ್, ಕುಕ್ಕರಗಾಲಿನ ಗುರುತು ಸಿಗುವುದು ಬದುಕಿ ಸತ್ತವರ ಮೈಯಲ್ಲಿ. ಅದಕ್ಕೇ ದೇಹದಾನ ಇನ್ನೂ ಬೇಕು.

ಓದುಗರಲ್ಲಿ ಯಾರಿಗಾದರೂ ಆ ಮನಸ್ಸಿದ್ದರೆ ಕೆಲವು ಮಾತು. ಅರ್ಜಿ ತುಂಬಿ ಬೀರುವಿನಲ್ಲಿಟ್ಟರೆ ಸಾಲದು, ಮಕ್ಕಳಿಗೆ ಬಾಯಿಬಿಟ್ಟು ಹೇಳಿ. ಕೊನೆಗೆ ಕಾಲೇಜಿಗೆ ಫೋನ್ ಮಾಡುವವರು ಅವರು, ಅವರು ಒಪ್ಪದಿದ್ದರೆ ಯಾವ ಕಾಲೇಜೂ ದೇಹವನ್ನು ಬಲವಂತವಾಗಿ ಒಯ್ಯುವುದಿಲ್ಲ. ಅಪಘಾತ, ಆತ್ಮಹತ್ಯೆ ಮುಂತಾಗಿ ಮರಣೋತ್ತರ ಪರೀಕ್ಷೆಯಾದ ದೇಹವನ್ನು ಅನಾಟಮಿ ವಿಭಾಗ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣುಗಳನ್ನು ಸತ್ತ ಆರು ಗಂಟೆಯೊಳಗೆ ಕೊಟ್ಟು, ಆಮೇಲೂ ದೇಹ ಕೊಡಬಹುದು. ಅರ್ಜಿಯ ಜೊತೆ ನಿಮ್ಮ ಎತ್ತರ, ಮಾಡಿದ ಕೆಲಸ, ಮುರಿದ ಕೈಕಾಲು, ಬಂದ ಕಾಯಿಲೆಗಳನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಮುಂದೊಂದು ದಿನ ಒಬ್ಬ ಶಿಕ್ಷಕಿ ಕೋರ್ಟಿನಲ್ಲಿ ‘ಇಷ್ಟು ಹೇಳಬಲ್ಲೆ, ಇದಕ್ಕಿಂತ ಹೆಚ್ಚು ಹೇಳಲಾರೆ’ ಎಂದು ಧೈರ್ಯವಾಗಿ ನುಡಿಯಲು ಆ ಹಾಳೆ ಬೇಕಾಗುತ್ತದೆ.